ಇಂಚುರಾಯರ ಸೊಂಟಸೂತ್ರ

ಟಿಣ್!

ಹೊಲಿಗೆ ಮೆಷಿನ್ನಿನ ಕಟಕಟದ ನಡುವೆ, ಇಸ್ತ್ರಿಪೆಟ್ಟಿಗೆಯ ಬುಸ್ಸೆನ್ನುವ ಉಸಿರಿನ ನಡುವೆ ಆ ಸದ್ದು ಬಂತು. ಬಂದದ್ದು ಇಂಚುರಾಯರ ಎದೆಯ ಜೇಬಿನಿಂದ. ಕುತ್ತಿಗೆಯ ಅಳತೆ ಕೊಡುತ್ತಾ ನಿಂತಿದ್ದ ಗಿರಾಕಿ ಬೆಚ್ಚಿದರು. ಇಂಚುರಾಯರು ಬೆಚ್ಚಲಿಲ್ಲ, ಅರಳಿದರು! ಅರಳುವ ಭರದಲ್ಲಿ ಟೇಪನ್ನು ಸ್ವಲ್ಪ ಬಿಗಿಯಾಗಿಯೇ ಎಳೆದರು.

“ರೀ, ಉಸಿರು!” ಎಂದರು ಗಿರಾಕಿ.

“ಏರಿದೆ!” ಎಂದರು ಇಂಚುರಾಯರು.

“ಏನು ಏರಿದ್ದು?”

“ಏನಿಲ್ಲ, ಕಾಲರು. ಹದಿನಾರು. ಸಂತೋಷ!”

ತನ್ನ ಕುತ್ತಿಗೆ ಹದಿನಾರಾದರೆ ದರ್ಜಿಗೆ ಯಾಕೆ ಸಂತೋಷ ಎಂದು ತಿಳಿಯದೆ ಗಿರಾಕಿ ಗಂಟಲು ಸವರಿಕೊಂಡು ಹೊರಟುಹೋದರು. ಇಂಚುರಾಯರು ಹಿಂದಿನ ಕೋಣೆಯ ಕಡೆಗೆ ತಿರುಗಿ, ಕೈಯಲ್ಲಿದ್ದ ಸೀಮೆಸುಣ್ಣವನ್ನು ಕತ್ತಿಯಂತೆ ಎತ್ತಿ, ಘೋಷಿಸಿದರು: “ಕೇಳಿದ್ಯೇನೇ? ಈ ತಿಂಗಳ ಕೊನೇ ದಿನ ನಮ್ಮ ಅಂಗಡಿಗೆ ಕಾಜಾ ಮೆಷಿನ್ ಬಂದು ಕೂತಿರತ್ತೆ. ಕೂತಿಲ್ಲ ಅಂದ್ರೆ ನನ್ನನ್ನ ಇಂಚುರಾಯ ಅಂತ ಕರೀಬೇಡ!”

“ನಾನು ಯಾವತ್ತು ಹಾಗೆ ಕರ್ದಿದ್ದೀನಿ?” ಎಂದಿತು ಹಿಂದಿನ ಕೋಣೆ.

ಇಂಚುರಾಯ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಇಪ್ಪತ್ತೆರಡು ವರ್ಷಗಳಿಂದ ಒಂದೇ ಅಂಗಡಿಯಲ್ಲಿ ಕೂತು ಬೀದಿಯ ಗಂಡಸರನ್ನೆಲ್ಲ ಅಳೆದವರಿಗೆ ಬೀದಿ ಇನ್ನೇನು ಹೆಸರಿಟ್ಟೀತು? ಅವರ ಕುತ್ತಿಗೆಯಲ್ಲಿ ಸದಾ ಒಂದು ಬಟ್ಟೆಯ ಟೇಪು. ಕೆಲಸ ಕಲಿಸಿದ ಗುರು ತನ್ನ ಕೊರಳಿನಿಂದ ತೆಗೆದು ಇವರ ಕೊರಳಿಗೆ ಹಾಕಿದ್ದು. ಪ್ಲಾಸ್ಟಿಕ್ ಟೇಪು ಕಂಡರೆ ರಾಯರಿಗೆ ಆಗದು. ಅದು ಮೈಗೆ ತಣ್ಣಗೆ ತಾಕುತ್ತದೆ, ಬಟ್ಟೆಯ ಟೇಪಾದರೆ ಪರಿಚಯದವರ ಕೈಯ ಹಾಗೆ ತಾಕುತ್ತದೆ ಎನ್ನುತ್ತಿದ್ದರು.

ಅಂಗಡಿಯಲ್ಲಿ ಕೆಲಸದ ಹಂಚಿಕೆ ಖಡಾಖಂಡಿತ. ಮುಂದಿನ ಕೋಣೆಯಲ್ಲಿ ರಾಯರು ಅಳತೆ ತೆಗೆದು ಪುಸ್ತಕದಲ್ಲಿ ಬರೆಯಬೇಕು. ಹಿಂದಿನ ಕೋಣೆಯಲ್ಲಿ ಹೆಂಡತಿ ಆ ಪುಸ್ತಕ ನೋಡಿ ಬಟ್ಟೆ ಕತ್ತರಿಸಬೇಕು. ಕತ್ತರಿಸುವ ಮೇಜಿನ ಅಂಚಿಗೆ ಮೊಳೆ ಹೊಡೆದು ಕೂರಿಸಿದ ಹಿತ್ತಾಳೆಯ ಪಟ್ಟಿಯೇ ಆಕೆಯ ಅಳತೆಗೋಲು. ರಾಯರ ಕೈಗೆ ಕತ್ತರಿ ಕೊಡುವುದನ್ನು ಆಕೆ ನಿಲ್ಲಿಸಿ ಬಹಳ ಕಾಲವಾಗಿತ್ತು. ಒಬ್ಬ ವಕೀಲರ ಕೋಟಿಗೆ ಅವರು ಎರಡೂ ಎಡತೋಳುಗಳನ್ನೇ ಕತ್ತರಿಸಿಟ್ಟ ದಿನದಿಂದ. ಕತ್ತರಿಸಿದ್ದನ್ನು ರಾಯರು ಹೊಲಿಯಬೇಕು. ಹೊಲಿದದ್ದಕ್ಕೆ ಹೆಂಡತಿ ಕಾಜಾ ಹಾಕಬೇಕು.

ಕಾಜಾ ಎಂದರೆ ಗುಂಡಿ ತೂರುವ ಆ ಪುಟ್ಟ ಕಂಡಿ. ಅಂಗಿ ತೊಟ್ಟವನು ಅದನ್ನು ಒಮ್ಮೆಯೂ ನೋಡುವುದಿಲ್ಲ. ಹಾಕುವವಳು ಮಾತ್ರ ಒಂದೊಂದು ಕಂಡಿಯ ಸುತ್ತ ನಲವತ್ತು ಸಲ ಸೂಜಿ ಚುಚ್ಚಿ ಎಳೆಯಬೇಕು. ಇಪ್ಪತ್ತೆರಡು ವರ್ಷ ಹಾಗೆ ಎಳೆದೆಳೆದು ಆಕೆಯ ಬಲಗೈ ಹೆಬ್ಬೆರಳು ಬೆಳಿಗ್ಗೆ ಎದ್ದಾಗ ಮಡಿಸಲು ಬರುತ್ತಿರಲಿಲ್ಲ. ಬಿಸಿನೀರಿನ ಲೋಟವನ್ನು ಐದು ನಿಮಿಷ ಅಪ್ಪಿ ಹಿಡಿದ ಮೇಲೆಯೇ ಅದು ಮತ್ತೆ ಹೆಬ್ಬೆರಳಾಗುತ್ತಿತ್ತು. ಆಕೆ ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ರಾಯರು ನೋಡುತ್ತಿದ್ದರು, ನೋಡಿಲ್ಲದವರಂತೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದರು.

ಹೀಗಾಗಿ ಎರಡು ವರ್ಷಗಳಿಂದ ಕಾಜಾಕ್ಕೆ ಐದು ರೂಪಾಯಿಯಂತೆ ಎತ್ತಿಟ್ಟು ನಲವತ್ತು ಸಾವಿರ ಕೂಡಿಸಿದ್ದರು. ಮುಚ್ಚುತ್ತಿದ್ದ ಒಂದು ಗಾರ್ಮೆಂಟ್ಸಿನ ಹಳೇ ಕಾಜಾ ಮೆಷಿನ್ ಗೊತ್ತಾಗಿತ್ತು. ತಿಂಗಳ ಕೊನೆಗೆ ದುಡ್ಡು ಕೊಡುವುದು, ಮೆಷಿನ್ ತರುವುದು. ಅಲ್ಲಿಯವರೆಗೆ ಆ ನಲವತ್ತು ಸಾವಿರ ಬ್ಯಾಂಕಿನಲ್ಲಿ ತಣ್ಣಗೆ ಮಲಗಿರಬೇಕಾಗಿತ್ತು. ಮಲಗಿದ್ದನ್ನು ಎಬ್ಬಿಸಿದವನು ಭಾವಮೈದ.

ಭಾವಮೈದ ಮೂರು ಅಂಗಡಿ ಆಚೆ ಮೊಬೈಲ್ ರಿಪೇರಿ ಮಾಡುವವನು. ತಿಂಗಳ ಮೊದಲ ಸೋಮವಾರ ರಾಯರ ಫೋನಿಗೆ ಹೊಸ ಗಾಜು ಅಂಟಿಸಿಕೊಡುವಾಗ ಕೇಳಿದ್ದ: “ಭಾವ, ಅಷ್ಟೂ ದುಡ್ಡು ಒಂದು ತಿಂಗಳು ಸುಮ್ನೆ ಬಿದ್ದಿರತ್ತಾ? ಪಾಪ!”

“ದುಡ್ಡಿಗೆ ಪಾಪ ಅಂತೀಯಲ್ಲೋ!”

“ದುಡಿಯೋ ವಯಸ್ಸು ಭಾವ ಅದಕ್ಕೆ! ಈಗೆಲ್ಲ ಶೇರು ತಗೊಳ್ಳೋಕೆ ದಲ್ಲಾಳಿ ಬೇಡ, ಕಮಿಷನ್ ಬೇಡ. ಇಗೋ ಈ ಆ್ಯಪು. ಪುಗಸಟ್ಟೆ. ಹೆಬ್ಬೆರಳೊಂದಿದ್ರೆ ಸಾಕು. ಬಲಕ್ಕೆ ಜಾರಿಸಿದ್ರೆ ಕೊಂಡ ಹಾಗೆ, ಎಡಕ್ಕೆ ಜಾರಿಸಿದ್ರೆ ಮಾರಿದ ಹಾಗೆ. ಏರಿದ್ರೆ ಟಿಣ್ ಅನ್ನತ್ತೆ, ಇಳಿದ್ರೆ ಟೊಂಯ್ ಅನ್ನತ್ತೆ.”

“ಟೊಂಯ್ ಅಂದ್ರೆ?”

“ಅದು ಅನ್ನಲ್ಲ ಬಿಡಿ ಭಾವ.”

ಯಾವ ಶೇರು ಕೊಳ್ಳಬೇಕು ಎಂಬುದನ್ನು ಮಾತ್ರ ಭಾವಮೈದ ಹೇಳಲಿಲ್ಲ. ಹೇಳುವ ಅಗತ್ಯವೂ ರಾಯರಿಗಿರಲಿಲ್ಲ. ಅವರ ಬಳಿ ಜಗತ್ತಿನ ಯಾವ ಪಂಡಿತನ ಬಳಿಯೂ ಇಲ್ಲದ ಗ್ರಂಥವೊಂದಿತ್ತು: ಇಪ್ಪತ್ತೆರಡು ವರ್ಷಗಳ ಅಳತೆ ಪುಸ್ತಕ! ಊರಿನ ಎಲ್ಲ ಕಂಪನಿಗಳ ದೊಡ್ಡವರೂ ಒಂದಲ್ಲ ಒಂದು ದಿನ ಇವರ ಮುಂದೆ ಕೈ ಎತ್ತಿ ನಿಂತವರೇ. ಅಂದು ಮಧ್ಯಾಹ್ನ ರಾಯರು ಕನ್ನಡಕ ಏರಿಸಿ ಹಳೇ ಪುಟಗಳನ್ನು ತಿರುವಿದರು. ಗುಂಡಿ ಕಾರ್ಖಾನೆಯ ಯಜಮಾನರ ಸೊಂಟ ಒಂದೇ ವರ್ಷದಲ್ಲಿ ಮೂರು ಇಂಚು ಇಳಿದಿತ್ತು. ಮರುವರ್ಷ ಕಾರ್ಖಾನೆಗೆ ಬೀಗ! ಬ್ಯಾಂಕಿನ ಮ್ಯಾನೇಜರು ಎರಡು ಸಲ ಪ್ಯಾಂಟು ಸಡಿಲಿಸಿಕೊಂಡು ಹೋಗಿದ್ದರು. ಬ್ಯಾಂಕಿನ ಮೇಲೆ ಇನ್ನೊಂದು ಮಹಡಿ ಎದ್ದಿತು! ರಾಯರ ಮೈ ಜುಮ್ಮೆಂದಿತು. ಎಂತೆಂಥ ಮೇಧಾವಿಗಳು ತಲೆ ಕೆಡಿಸಿಕೊಂಡರೂ ಸಿಗದ ಗುಟ್ಟು ಸೀಮೆಸುಣ್ಣದ ಪುಡಿಯ ನಡುವೆ ಬಿದ್ದುಕೊಂಡಿತ್ತಲ್ಲ!

“ಕಂಪನಿಯ ಲೆಕ್ಕಪತ್ರ ಸುಳ್ಳು ಹೇಳಬಹುದು,” ಎಂದು ಅವರು ಇಸ್ತ್ರಿಪೆಟ್ಟಿಗೆಗೆ ಹೇಳಿದರು. “ಸೊಂಟ ಸುಳ್ಳು ಹೇಳಲ್ಲ!”

ಅಂದೇ ಸಂಜೆಯ ಮೊದಲು ಒಂಬತ್ತು ಜನ ಅಳತೆ ಕೊಡಲು ಬಂದರು. ರಾಯರು ಒಬ್ಬೊಬ್ಬರದನ್ನೂ ಹಳೆಯ ಅಳತೆಗೆ ಹೋಲಿಸಿ ನೋಡಿದರು. ನೋಡುತ್ತಾ ನೋಡುತ್ತಾ ಅವರ ಕಣ್ಣುಗಳು ದೊಡ್ಡವಾದವು. ಎಲ್ಲರದ್ದೂ ಹೆಚ್ಚಾಗಿತ್ತು! ಮೇಷ್ಟರದು ಒಂದಿಂಚು. ಔಷಧದಂಗಡಿಯವರದು ಒಂದೂಕಾಲು. ತಿಂಗಳ ಹಿಂದಷ್ಟೇ ಜ್ವರದಿಂದ ಎದ್ದಿದ್ದ ಅಂಚೆಯಣ್ಣನದು ಕೂಡ ಒಂದಿಂಚು! ಊರಿಗೆ ಊರೇ ಉಬ್ಬುತ್ತಿದೆ! ಇದಕ್ಕಿಂತ ಶುಭಶಕುನ ಇನ್ನೇನು ಬೇಕು?

ಒಂಬತ್ತನೆಯವರಾಗಿ ಬಂದವರು ರೆಕ್ಕೆ ಸಾಹೇಬರು. ಬೀದಿಯ ತುದಿಯಲ್ಲಿರುವ, ಫ್ಯಾನಿನ ರೆಕ್ಕೆ ಮಾಡುವ ಸಣ್ಣ ಕಂಪನಿಯ ಮುಖ್ಯಸ್ಥರು. ಆ ಕಂಪನಿಯ ಒಂದು ಶೇರು ಅರ್ಧ ಲೋಟ ಚಹಾಕ್ಕಿಂತ ಅಗ್ಗ, ನಾಲ್ಕು ರೂಪಾಯಿಗೆ ಒಂದು. ಯಾರೂ ಮೂಸಿ ನೋಡುತ್ತಿರಲಿಲ್ಲ. ಆರು ತಿಂಗಳ ಹಿಂದೆ ಸಾಹೇಬರ ಸೊಂಟ ಮೂವತ್ತೆಂಟು. ಈಗ ಟೇಪು ಹೇಳಿತು: ಮೂವತ್ತೊಂಬತ್ತೂವರೆ!

“ಮೂವತ್ತೊಂಬತ್ತೂವರೆ!” ರಾಯರು ಹಾಡಿದಂತೆ ಹೇಳಿದರು. “ಅಭಿನಂದನೆಗಳು ಸಾಹೇಬ್ರೇ!”

ಸಾಹೇಬರ ಮುಖ ಬಿಳಿಚಿಕೊಂಡಿತು. “ಒಂದೂವರೆ ಇಂಚಾ? ಏನ್ರೀ ಇದು, ಅಭಿನಂದನೆ ಅಂತೀರಲ್ಲ!”

“ಇದು ನಿಮ್ಮ ಸೊಂಟ ಅಲ್ಲ ಸಾಹೇಬ್ರೇ, ಕಂಪನಿ ಆರೋಗ್ಯ!”

“ನಿಮ್ಮ ಮಾತು ಒಂದೂ ಅರ್ಥ ಆಗಲ್ಲ. ನೋಡಿ, ಇಪ್ಪತ್ತನೇ ತಾರೀಖು ನಮ್ಮ ಶೇರುದಾರರ ಸಭೆ. ಅಷ್ಟರೊಳಗೆ ಪ್ಯಾಂಟು ಬೇಕು. ಬೆಲ್ಟಿಗೆ ಲೂಪು ಇಡ್ತೀರಲ್ಲ?”

ರಾಯರು ಎದೆಗೆ ಬಾಣ ತಾಕಿದವರಂತೆ ಹಿಂದೆ ಸರಿದರು. “ನಾನು ಹೊಲಿದ ಪ್ಯಾಂಟಿಗೆ ಬೆಲ್ಟೇ? ಅಳತೆ ಬಾರದವನು ಹೊಲಿದದ್ದಕ್ಕೆ ಬೇಕು ಬೆಲ್ಟು! ಲೂಪು ಇಡಲ್ಲ ಸಾಹೇಬ್ರೇ. ನನ್ನ ಪ್ಯಾಂಟು ಸೊಂಟದ ಮೇಲೆ ನಂಬಿಕೆಯಿಂದ ನಿಲ್ಲತ್ತೆ!”

ಸಾಹೇಬರು ಹೊರಗೆ ಹೋಗಿ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ರಾಯರು ಇಸ್ತ್ರಿ ಮಾಡುವ ಮೂಲೆಗೆ ಸರಿದು ಹೆಬ್ಬೆರಳನ್ನು ಬಲಕ್ಕೆ ಜಾರಿಸಿದರು. ಹತ್ತು ಸಾವಿರ ಶೇರು. ನಲವತ್ತು ಸಾವಿರ. ಫೋನಿನ ತುಂಬ ಬಣ್ಣಬಣ್ಣದ ಕಾಗದದ ಚೂರು ಉದುರಿ, “ಅಭಿನಂದನೆ! ನಿಮ್ಮ ಖರೀದಿ ಯಶಸ್ವಿ!” ಎಂಬ ಅಕ್ಷರ ಕುಣಿಯಿತು. ಎಂಟು ಸಾವಿರ ಕಾಜಾ ಹಾಕಲು ಹೆಂಡತಿಗೆ ಎರಡು ವರ್ಷ ಹಿಡಿದಿತ್ತು. ಅದನ್ನು ಜಾರಿಸಲು ರಾಯರಿಗೆ ಎರಡು ಸೆಕೆಂಡು ಹಿಡಿಯಿತು.

ಹೆಂಡತಿಗೆ ಹೇಳಲಿಲ್ಲ. ಮೋಸವಲ್ಲ, ಅಚ್ಚರಿ! ಮೆಷಿನ್ನೂ ಬರಬೇಕು, ಅದರ ಮುಂದೆ ಆಕೆ ಕೂರಲು ಬೆನ್ನು ಆನಿಸುವ ಕುರ್ಚಿಯೂ ಬರಬೇಕು. ಆಕೆ ಕಣ್ಣು ತುಂಬಿಕೊಂಡು “ಎಲ್ಲಿಂದ ಬಂತು ರೀ?” ಎಂದು ಕೇಳಬೇಕು. ತಾನು “ಸೊಂಟದಿಂದ!” ಎನ್ನಬೇಕು. ರಾಯರು ಈ ದೃಶ್ಯವನ್ನು ದಿನಕ್ಕೆ ಹತ್ತು ಸಲ ಮನಸ್ಸಿನಲ್ಲೇ ಹೊಲಿದು ಇಸ್ತ್ರಿ ಮಾಡಿಡುತ್ತಿದ್ದರು.

ಮತ್ತು ಶೇರು ಏರತೊಡಗಿತು! ನಾಲ್ಕು ನಾಲ್ಕೂಕಾಲಾಯಿತು, ಐದಾಯಿತು. ಟಿಣ್! ಅಳತೆ ತೆಗೆಯುವಾಗ ಟಿಣ್, ಕಾಲರು ಹೊಲಿಯುವಾಗ ಟಿಣ್. ಸಭೆ ಹತ್ತಿರ ಬಂದ ಹಾಗೆ ಆರಾಯಿತು. ರಾಯರ ನಡಿಗೆಯೇ ಬದಲಾಯಿತು. ಬೀದಿಯಲ್ಲಿ ಹೋಗುವವರನ್ನೆಲ್ಲ ಈಗ ಅವರು ಸೊಂಟದ ಮಟ್ಟದಲ್ಲೇ ನೋಡುತ್ತಿದ್ದರು.

“ನಿಮ್ಮ ಜೇಬಲ್ಲಿ ಏನ್ರೀ ಅದು, ಗಂಟೆ?” ಹೆಂಡತಿ ಕೇಳಿದಳು.

“ಎದೆ ಕಣೇ, ಸಂತೋಷಕ್ಕೆ ಬಡ್ಕೊಳ್ತಿದೆ!”

“ಡಾಕ್ಟ್ರಿಗೆ ತೋರಿಸಿ.”

ಇಪ್ಪತ್ತನೇ ತಾರೀಖು ಬಂತು. ಹಿಂದಿನ ದಿನವೇ ಒಂಬತ್ತು ಪ್ಯಾಂಟೂ ಸಿದ್ಧವಾಗಿ, ಕಾಗದದಲ್ಲಿ ಸುತ್ತಿಕೊಂಡು, ಅವರವರ ಮನೆ ಸೇರಿದ್ದವು. ಸಾಹೇಬರದನ್ನು ಅವರ ಡ್ರೈವರು ಬಂದು ಒಯ್ದಿದ್ದ. ಹನ್ನೊಂದು ಗಂಟೆಗೆ ರಾಯರು ಅಂಗಡಿಯ ಬಾಗಿಲು ಅರ್ಧ ಎಳೆದು, ಕತ್ತರಿಸುವ ಮೇಜಿನ ಮೇಲೆ ದಾರದ ಉಂಡೆಗೆ ಫೋನನ್ನು ಆನಿಸಿ ನಿಲ್ಲಿಸಿದರು. ಶೇರುದಾರರು ಮನೆಯಲ್ಲೇ ಕೂತು ಸಭೆ ನೋಡಬಹುದಂತೆ! ರಾಯರು ಮೀಸೆ ತೀಡಿಕೊಂಡು ಕೂತರು.

“ಬಾರೇ, ಕೂತ್ಕೋ.”

“ಏನಿದು?” ಹೆಂಡತಿ ಕೈಯಲ್ಲಿ ಒಂದು ಅಂಗಿ, ಅರ್ಧ ಹಾಕಿದ ಕಾಜಾ ಹಿಡಿದೇ ಬಂದಳು. “ಅಯ್ಯೋ, ನಮ್ಮ ರೆಕ್ಕೆ ಸಾಹೇಬ್ರು! ಟೀವೀಲಿ ಬಂದಿದ್ದಾರಾ?”

“ಸಭೆ ಕಣೇ. ಕಂಪನಿ ಮಾಲೀಕರು ಮಾತ್ರ ನೋಡೋದು.”

“ಮತ್ತೆ ನೀವು ಯಾಕೆ ನೋಡ್ತಿದ್ದೀರಾ?”

“ಯಾಕೆ ಅಂದ್ರೆ,” ರಾಯರು ಎರಡು ವಾರದಿಂದ ಇಸ್ತ್ರಿ ಮಾಡಿಟ್ಟಿದ್ದ ದೃಶ್ಯವನ್ನು ಬಿಡಿಸತೊಡಗಿದರು, “ನಾನೂ ಒಬ್ಬ ಮಾಲೀಕ!”

“ಯಾವುದಕ್ಕೆ?”

“ಆ ಕಂಪನಿಗೆ!”

ಹೆಂಡತಿಯ ಸೂಜಿ ನಿಂತಿತು. “ಯಾವ ದುಡ್ಡಲ್ಲಿ?”

ಅದೇ ಗಳಿಗೆಗೆ ಸಾಹೇಬರು ವೇದಿಕೆಯ ನಡುವೆ ಬಂದು ನಿಂತರು. “ಮಹನೀಯರೇ, ನಮ್ಮ ಕಂಪನಿ ಈ ವರ್ಷ ಹಿಂದೆಂದೂ ಕಾಣದ ಎತ್ತರಕ್ಕೆ ಏರಲಿದೆ! ಇಗೋ, ನಮ್ಮ ಹೊಸ ರೆಕ್ಕೆ!” ಎಂದು ಒಂದು ಬೆಳ್ಳಿಬಣ್ಣದ ರೆಕ್ಕೆಯನ್ನು ಎರಡೂ ಕೈಗಳಿಂದ ತಲೆಯ ಮೇಲಕ್ಕೆ ಎತ್ತಿದರು.

ರೆಕ್ಕೆ ಮೇಲೆ ಹೋಯಿತು. ಪ್ಯಾಂಟು ಕೆಳಗೆ ಹೋಯಿತು.

ಜಾರಿತು ಎಂದರೆ ಕಡಿಮೆಯಾದೀತು. ಪರದೆ ಬಿದ್ದ ಹಾಗೆ, ಒಂದೇ ಬಾರಿಗೆ, ಯಾವ ತಡೆಯೂ ಇಲ್ಲದೆ, ಪೂರ್ಣ ನಂಬಿಕೆಯಿಂದ ಪಾದದವರೆಗೆ ಬಂತು! ಸಾಹೇಬರು ರೆಕ್ಕೆ ಎತ್ತಿ ಹಿಡಿದೇ ನಿಂತಿದ್ದರು. ಪಟ್ಟೆಪಟ್ಟೆಯ ಒಳಚಡ್ಡಿ ಇಡೀ ಶೇರು ಲೋಕಕ್ಕೆ ದರ್ಶನ ಕೊಟ್ಟಿತು. ಎಲ್ಲೋ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಕಿಸಕ್ಕೆಂದರು.

ಹಿಂದಿನ ಕೋಣೆಯಲ್ಲಿ ಹೆಂಡತಿ ಫೋನಿನ ಮೇಲೆ ಬಗ್ಗಿ ನೋಡಿದಳು.

“ರೀ... ಅದು ನಮ್ಮ ಪ್ಯಾಂಟು ಅಲ್ವೇನ್ರೀ?”

ಟೊಂಯ್!

ಅದು ಅನ್ನುವುದೇ ಇಲ್ಲ ಎಂದಿದ್ದನಲ್ಲ ಭಾವಮೈದ! ಟೊಂಯ್! ಆರು ಐದಾಯಿತು. ಯಾರೋ ಆ ದೃಶ್ಯವನ್ನು ಅಷ್ಟರಲ್ಲೇ ಎಲ್ಲೆಡೆ ಹಂಚಿಬಿಟ್ಟಿದ್ದರು. ಟೊಂಯ್! ಐದು ನಾಲ್ಕಾಯಿತು. ‘ಸ್ವಂತ ಪ್ಯಾಂಟು ಹಿಡಿಯಲಾಗದವರು ಕಂಪನಿ ಹೇಗೆ ಹಿಡಿದಾರು?’ ಎಂದು ಯಾರೋ ಕೇಳಿದ್ದರು, ಸಾವಿರ ಜನ ಹೌದೆಂದಿದ್ದರು. ಟೊಂಯ್ ಟೊಂಯ್! ಮೂರು. ಎರಡೂವರೆ.

“ಅಷ್ಟೊಂದು ಮನಸ್ಸಿಗೆ ಹಚ್ಕೋಬೇಡಿ ರೀ,” ಹೆಂಡತಿ ಗಂಡನ ಬೆನ್ನು ಸವರಿದಳು. ರಾಯರ ಮುಖದಲ್ಲಿ ರಕ್ತ ಇಳಿದುಹೋದದ್ದು ಹೊಲಿಗೆಯ ಮಾನಕ್ಕಾಗಿ ಎಂದು ಆಕೆ ತಿಳಿದಳು. “ಎಂಥವರಿಗೂ ಒಂದು ಪ್ಯಾಂಟು ತಪ್ಪಾಗತ್ತೆ.”

“ನೀರು... ಒಂದು ಲೋಟ ನೀರು...” ಎಂದರು ರಾಯರು. ಆಕೆ ನೀರಿಗೆ ಹೋದಳು. ಶೇರು ಒಂದೂವರೆಗೆ ಬಂದಿತ್ತು. ಇನ್ನೊಂದು ಟೊಂಯ್ ಕೇಳಿದರೆ ತನ್ನ ಜೀವ ಹೋಗುತ್ತದೆ ಎನಿಸಿ, ರಾಯರು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಎಡಕ್ಕೆ ಜಾರಿಸಿದರು.

ಫೋನಿನ ತುಂಬ ಬಣ್ಣಬಣ್ಣದ ಕಾಗದದ ಚೂರು ಉದುರಿತು. “ಅಭಿನಂದನೆ! ನಿಮ್ಮ ಮಾರಾಟ ಯಶಸ್ವಿ!”

ನಲವತ್ತು ಸಾವಿರದಲ್ಲಿ ಹದಿನೈದು ಸಾವಿರ ಉಳಿದಿತ್ತು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದರೆ ಹೊರಗೆ ಸಾಲು! ಮೇಷ್ಟರು, ಔಷಧದಂಗಡಿಯವರು, ಅಂಚೆಯಣ್ಣ. ಒಟ್ಟು ಎಂಟು ಜನ. ಎಂಟೂ ಜನ ಎಡಗೈಯಲ್ಲಿ ಸೊಂಟ ಹಿಡಿದುಕೊಂಡು, ಬಲಗೈಯಲ್ಲಿ ಬಾಗಿಲು ತಟ್ಟುತ್ತಿದ್ದರು.

“ಏನ್ರೀ ರಾಯ್ರೇ, ಇದು ನನಗೆ ಹೊಲಿದದ್ದೋ, ನನಗೂ ನಮ್ಮಣ್ಣನಿಗೂ ಸೇರಿಸಿ ಹೊಲಿದದ್ದೋ?” ಎಂದರು ಔಷಧದಂಗಡಿಯವರು.

“ಪಾಠ ಮಾಡ್ತಾ ಬೋರ್ಡಿನ ಮೇಲೆ ಕೈ ಎತ್ತಿದೆ. ಅಷ್ಟೇ! ಅಷ್ಟೇ ರಾಯ್ರೇ!” ಎಂದು ಮೇಷ್ಟರು ಕಣ್ಣೊರಸಿಕೊಂಡರು. “ನಲವತ್ತು ಹುಡುಗರ ಮುಂದೆ!”

ರಾಯರು ಬೆವರಿದರು. “ನೀವೆಲ್ಲ ಎರಡು ವಾರದಲ್ಲಿ ಸಣ್ಣಗಾಗಿದ್ದೀರಿ!”

“ಎಂಟೂ ಜನ ಒಟ್ಟಿಗಾ?”

ಹೆಂಡತಿ ಮೇಷ್ಟರಿಗೆ ಉಡಲು ರಾಯರ ಪಂಚೆ ಕೊಟ್ಟು, ಅವರ ಪ್ಯಾಂಟನ್ನು ಇಸಿದುಕೊಂಡು ಮೇಜಿನ ಹಿತ್ತಾಳೆ ಪಟ್ಟಿಗೆ ಹಿಡಿದಳು. ಪುಸ್ತಕ ತೆಗೆದು ನೋಡಿದಳು. ಬರೆದದ್ದಕ್ಕೂ ಕತ್ತರಿಸಿದ್ದಕ್ಕೂ ಒಂದು ನೂಲಿನ ವ್ಯತ್ಯಾಸವಿಲ್ಲ. ಆಮೇಲೆ ಗಂಡನ ಕೊರಳಿನಿಂದ ಟೇಪನ್ನು ಮೆಲ್ಲಗೆ ಎಳೆದು, ಪಟ್ಟಿಯ ಮಗ್ಗುಲಿಗೆ ಉದ್ದಕ್ಕೆ ಮಲಗಿಸಿದಳು. ಟೇಪಿನ ಅರವತ್ತನೇ ಇಂಚು ಹಿತ್ತಾಳೆಯ ಐವತ್ತೇಳೂವರೆಗೆ ಬಂದು ನಿಂತಿತು.

ಗಿರಾಕಿಗಳು ಬಗ್ಗಿ ನೋಡಿದರು. ರಾಯರು ಬಗ್ಗಿ ನೋಡಿದರು. ಇಪ್ಪತ್ತೆರಡು ವರ್ಷ ಕೊರಳಲ್ಲಿದ್ದ ಸತ್ಯ ಎರಡೂವರೆ ಇಂಚು ಗಿಡ್ಡವಾಗಿತ್ತು!

“ಯಾರು ಮಾಡಿದ್ದು ಇದನ್ನ?” ರಾಯರು ಗುಡುಗಿದರು.

“ನಾನೇ,” ಎಂದಳು ಹೆಂಡತಿ. “ನೀವು ಫೋನಿಗೆ ಗಾಜು ಹಾಕಿಸಿದ ಹಿಂದಿನ ದಿನ, ಭಾನುವಾರ, ಕುದಿಯೋ ನೀರಿಗೆ ಸೋಪು ಹಾಕಿ ತಿಕ್ಕಿದೆ. ಊರೋರ ಬೆವರೆಲ್ಲ ಅದರಲ್ಲಿತ್ತು ರೀ, ನಿಮ್ಮ ಕತ್ತಿನ ಸುತ್ತ ತುರಿಕೆ ಎದ್ದಿತ್ತಲ್ಲ, ಅದಕ್ಕೆ. ಬಿಸಿಲಿಗೆ ಹಾಕಿ, ಮೇಲಿಂದ ಇಸ್ತ್ರಿ ಬೇರೆ ಮಾಡಿದೆ. ನೀವೇ ತಾನೆ ಸೋಮವಾರ ‘ಏನು ಪರಿಮಳ’ ಅಂದಿದ್ದು?”

ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ತಪ್ಪು ಹೆಂಡತಿಯ ಕಡೆ ಇತ್ತು! ರಾಯರಿಗೆ ಹೋದ ಪ್ರಾಣ ಬಂದಂತಾಯಿತು. ಎಂಟು ಪ್ಯಾಂಟನ್ನೂ ಸರಿಮಾಡಿಕೊಡುವುದಾಗಿ ಹೇಳಿ ಗಿರಾಕಿಗಳನ್ನು ಕಳಿಸಿದ ಮೇಲೆ ಎದೆಯುಬ್ಬಿಸಿ ಭಾಷಣ ಶುರುಮಾಡಿದರು. “ನೋಡಿದ್ಯಾ? ನನ್ನ ಸೂತ್ರದಲ್ಲಿ ದೋಷ ಇರಲಿಲ್ಲ! ಸೊಂಟ ಸುಳ್ಳು ಹೇಳಲ್ಲ ಅಂದಿದ್ದೆ...”

“ಸೊಂಟ ಹೇಳಲ್ಲ ರೀ. ಟೇಪು ಹೇಳತ್ತೆ.” ಆಕೆ ಕೂತು ನಿನ್ನೆಯ ಅರ್ಧ ಕಾಜಾವನ್ನು ಕೈಗೆತ್ತಿಕೊಂಡಳು. “ಅದಿರಲಿ. ನಿನ್ನೆ ಒಂದು ಮಾತು ಕೇಳಿದ್ದೆ. ಉತ್ತರ ಬರೋಷ್ಟರಲ್ಲಿ ಪ್ಯಾಂಟು ಜಾರಿಬಿಡ್ತು. ಯಾವ ದುಡ್ಡಲ್ಲಿ?”

ರಾಯರ ಉಬ್ಬಿಸಿದ ಎದೆ ಎಲ್ಲಿ ಹೋಯಿತೋ! ಮೆಷಿನ್ನಿನ ಚಕ್ರವನ್ನು ಸುಮ್ಮನೆ ಒಮ್ಮೆ ತಿರುಗಿಸಿದರು. ಎಣ್ಣೆಯ ಡಬ್ಬಿ ಹುಡುಕಿದರು. ಡಬ್ಬಿ ಎದುರಿಗೇ ಇತ್ತು.

“ಕಾಜಾ ದುಡ್ಡಲ್ಲಿ,” ಎಂದರು.

“ಎಷ್ಟು ಹೋಯ್ತು?”

“ಇಪ್ಪತ್ತೈದು ಸಾವಿರ.”

ಆಕೆ ಬೈಯುತ್ತಾಳೆ ಎಂದುಕೊಂಡು ರಾಯರು ತಲೆ ತಗ್ಗಿಸಿ ನಿಂತರು. ಬೈಗುಳ ಬರಲಿಲ್ಲ. ಸೂಜಿ ಬಟ್ಟೆಯನ್ನು ದಾಟುವ ಸಣ್ಣ ಸದ್ದು ಮಾತ್ರ ಬರುತ್ತಿತ್ತು. ಆ ಸದ್ದಿಗಿಂತ ಟೊಂಯ್ ಎಷ್ಟೋ ವಾಸಿ ಎನಿಸಿತು ಅವರಿಗೆ.

“ಐದು ಸಾವಿರ ಕಾಜಾ,” ಎಂದಳು ಕೊನೆಗೆ, ಯಾರಿಗೋ ದಾರಿ ಹೇಳುವಷ್ಟು ತಣ್ಣಗೆ. ಹೆಬ್ಬೆರಳನ್ನು ಒಮ್ಮೆ ಬಿಡಿಸಿ ಮಡಿಸಿದಳು.

“ಅಚ್ಚರಿ ಆಗ್ಲಿ ಅಂತ...”

“ಆಯ್ತು.”

“ಬೆನ್ನು ಆನಿಸೋ ಕುರ್ಚಿ ಕೂಡ ತರೋಣ ಅಂತ...”

“ತಿಂಗಳ ಕೊನೇ ದಿನ ಅಂಗಡಿಗೆ ಕಾಜಾ ಮೆಷಿನ್ ಬಂದು ಕೂತಿರತ್ತೆ ಅಂದಿದ್ರಿ. ಇನ್ನೂ ಒಂಬತ್ತು ದಿನ ಇದೆ. ನಾನು ಕಾಯ್ತೀನಿ,” ಎಂದು ಹೆಂಡತಿ ದಾರವನ್ನು ಹಲ್ಲಿನಿಂದ ಕಡಿದಳು.

ಭಾವಮೈದ ಅಂದು ಮಧ್ಯಾಹ್ನವೇ ಓಡಿಬಂದ. “ಭಾವ, ಎದೆಗುಂದಬೇಡಿ! ಬೆಲ್ಟ್ ಮಾಡೋ ಕಂಪನಿ ಶೇರು ನಿನ್ನೆಯಿಂದ ಏರ್ತಿದೆ, ನೀವು ಹೂಂ ಅನ್ನಿ...” ಎಂದವನು, ಅಕ್ಕನ ಕೈಯಲ್ಲಿ ದೊಡ್ಡ ಕತ್ತರಿ ಕಂಡು, ಬಂದ ದಾರಿಯಲ್ಲೇ ಮಾಯವಾದ. ಆ್ಯಪನ್ನು ತೆಗೆದುಹಾಕುವುದು ಹೇಗೆಂದು ಹೇಳಿಯೂ ಹೋಗಲಿಲ್ಲ.

ಆ ಸಂಜೆ ರಾಯರು ಒಂದು ಚಿಂದಿ ಬಟ್ಟೆ, ಒಂದು ಸೂಜಿ ಹಿಡಿದು ಹೆಂಡತಿಯ ಎದುರು ನೆಲದ ಮೇಲೆ ಕೂತರು. ಅಂಗಡಿ ತೆರೆದಾಗಿನಿಂದ ಒಂದೇ ಒಂದು ಕಾಜಾ ಹಾಕಿದವರಲ್ಲ. ಅದು ಅಳತೆ ತೆಗೆಯುವ ಮಾಸ್ತರರ ಕೆಲಸವಲ್ಲ ಎಂಬ ಠೇಂಕಾರ! ಮುಕ್ಕಾಲು ಗಂಟೆ ಹೆಣಗಾಡಿ, ಮೂರು ಸಲ ಬೆರಳಿಗೆ ಚುಚ್ಚಿಕೊಂಡು, ಮೊದಲ ಕಾಜಾ ಮುಗಿಸಿ ತೋರಿಸಿದರು. ಆಕೆ ಅದನ್ನು ದೀಪಕ್ಕೆ ಹಿಡಿದು ನೋಡಿದಳು.

“ಇದರಲ್ಲಿ ಗುಂಡಿ ನಿಲ್ಲಲ್ಲ. ಅಂಗಡಿ ಬೀಗ ಬೇಕಾದ್ರೆ ತೂರತ್ತೆ,” ಎಂದಳು. ಆದರೆ ಬಿಸಾಡಲಿಲ್ಲ, ಸೂಜಿಡಬ್ಬಿಯೊಳಗೆ ಮಡಿಸಿ ಇಟ್ಟುಕೊಂಡಳು. “ಗಂಟು ಹೊರಗೆ ಬರಬೇಕು. ಹೀಗೆ. ಇನ್ನೊಂದು ಹಾಕಿ.”

ತಿಂಗಳ ಕೊನೆಯ ದಿನ ಬಂತು. ಕಾಜಾ ಮೆಷಿನ್ ಇನ್ಯಾರದೋ ಅಂಗಡಿಗೆ ಹೋಗಿತ್ತು. ರಾಯರ ಕುತ್ತಿಗೆಯಲ್ಲಿ ಹೊಸ ಪ್ಲಾಸ್ಟಿಕ್ ಟೇಪು ಹಾವಿನಂತೆ ತಣ್ಣಗೆ ಮಲಗಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ರಾಯರು ತಲೆಯೆತ್ತಿದರು. ರೆಕ್ಕೆ ಸಾಹೇಬರು! ಕಂಕುಳಲ್ಲಿ ಒಂದು ಕಾಗದದ ಕಟ್ಟು. ಅದರೊಳಗೆ ಏನಿದೆ ಎಂದು ಕೇಳುವ ಅಗತ್ಯವಿರಲಿಲ್ಲ.

“ಸಾಹೇಬ್ರೇ, ಟೇಪು ಗಿಡ್ಡ ಆಗಿತ್ತು, ತಪ್ಪಾಯ್ತು,” ರಾಯರು ಎದ್ದುನಿಂತು ಕೈಮುಗಿದರು.

“ಏನು? ಟೇಪಾ?” ಸಾಹೇಬರು ಕಣ್ಣು ಕಣ್ಣು ಬಿಟ್ಟರು. “ಅಂದ್ರೆ ನಾನು ದಪ್ಪ ಆಗಿರ್ಲಿಲ್ವಾ? ಅಯ್ಯೋ ನಿಮ್ಮ! ನೀವು ಮೂವತ್ತೊಂಬತ್ತೂವರೆ ಅಂದ ದಿನದಿಂದ ಗಾಬರಿಯಾಗಿ ರಾತ್ರಿ ಊಟ ಬಿಟ್ಟಿದ್ದೀನಿ ಕಣ್ರೀ! ಎರಡು ವಾರ ಬರೀ ಸೌತೆಕಾಯಿ!”

ಹಿಂದಿನ ಕೋಣೆಯಿಂದ ಹೆಂಡತಿ ಬಂದು ಬಾಗಿಲಿಗೆ ಒರಗಿ ನಿಂತಳು. ರಾಯರಿಗೆ ಈಗ ಪೂರ್ತಿ ಲೆಕ್ಕ ಸಿಕ್ಕಿತು. ಟೇಪು ಕೊಟ್ಟದ್ದು ಒಂದೂವರೆ ಇಂಚು; ಮಿಕ್ಕ ಒಂದೂವರೆ ತಮ್ಮ ಅಭಿನಂದನೆ ಕೊಟ್ಟದ್ದು!

“ಬೈಯಿರಿ ಸಾಹೇಬ್ರೇ. ಎಷ್ಟು ಬೇಕಾದ್ರೂ ಬೈಯಿರಿ.”

“ಬೈಯೋದಾ? ನಿಮ್ಮ ಕಾಲಿಗೆ ಬೀಳಬೇಕು ನಾನು!” ಸಾಹೇಬರು ಗಹಗಹಿಸಿ ನಕ್ಕು ಕುರ್ಚಿ ಎಳೆದುಕೊಂಡರು. “ಅದನ್ನ ಎಲ್ಲರೂ ನೋಡಿದ್ರಲ್ಲ, ದೊಡ್ಡ ಫ್ಯಾನ್ ಕಂಪನಿ ಯಜಮಾನರೂ ನೋಡಿದ್ದಾರೆ. ನನಗೆ ಫೋನ್ ಮಾಡಿ ಏನಂದ್ರು ಗೊತ್ತಾ? ‘ಮಾನ ಹೋದ್ರೂ ಕೈಯಲ್ಲಿದ್ದ ರೆಕ್ಕೆ ಬಿಡ್ಲಿಲ್ಲವಲ್ರೀ ನೀವು, ಇಂಥವರ ಹತ್ರಾನೇ ನಾನು ಮಾಲು ತಗೊಳ್ಳೋದು’ ಅಂದ್ರು! ಎರಡು ಲಕ್ಷ ರೆಕ್ಕೆ ಆರ್ಡರು! ಇವತ್ತು ಬೆಳಿಗ್ಗೆ ಸುದ್ದಿ ಹೊರಬಿತ್ತು.”

ಟಿಣ್!

ರಾಯರ ಎದೆಯ ಜೇಬು. ಸಾಹೇಬರು ಸುತ್ತ ನೋಡಿದರು.

“ಶೇರು ಒಂದೂವರೆಗೆ ಬಿದ್ದಿತ್ತು ರೀ. ಆವತ್ತು ಯಾರೋ ಒಬ್ಬ ಹೆದರುಪುಕ್ಕಲ ಹತ್ತು ಸಾವಿರ ಶೇರನ್ನ ಒಂದೇ ಏಟಿಗೆ ಮಾರಿ ಓಡಿಹೋದ. ಅದೇ ಕೊನೆ ನೋಡಿ! ಅವನು ಹೋಗಿದ್ದೇ ತಡ, ಏರೋಕೆ ಶುರುವಾಯ್ತು. ಈಗ ಒಂಬತ್ತು!”

ಟಿಣ್! ಟಿಣ್!

“ಈ ಪ್ಯಾಂಟನ್ನ ಸಣ್ಣ ಮಾಡಬೇಡಿ, ಮುಟ್ಟಲೂಬೇಡಿ. ಆಫೀಸಿನ ಗೋಡೆಗೆ ಗಾಜು ಹಾಕಿಸಿ ತೂಗುಹಾಕ್ತೀನಿ. ಸೊಂಟಪಟ್ಟಿಯ ಕೊಂಡಿ ಒಂದು ಕಿತ್ತುಹೋಗಿದೆ, ಅದನ್ನಷ್ಟು ಹೊಲಿದುಕೊಡಿ. ಒಂದು ಮಾತು ಹೇಳ್ಲಾ ರಾಯ್ರೇ? ನೀವು ಎಷ್ಟು ಬುದ್ಧಿವಂತರು, ನನ್ನ ಸೊಂಟ ಹಿಡಿದು ‘ಕಂಪನಿ ಆರೋಗ್ಯ’ ಅಂತ ಮೊದಲೇ ಹೇಳಿದ್ರಿ! ಆವತ್ತೇ ಒಂದಿಷ್ಟು ಶೇರು ತಗೊಂಡು, ಸುಮ್ನೆ ಕೂತಿದ್ದಿದ್ರೆ, ಬರೀ ಸುಮ್ನೆ ಕೂತಿದ್ದಿದ್ರೆ ಸಾಕಾಗಿತ್ತು, ಇಷ್ಟೊತ್ತಿಗೆ ನೀವು...”

ರಾಯರು ಎದ್ದರು. ಜೇಬಿನಿಂದ ಫೋನು ತೆಗೆದು ಗುಂಡಿಗಳ ಡಬ್ಬಿಯೊಳಗೆ ಹಾಕಿ, ಮುಚ್ಚಳ ಒತ್ತಿದರು. ಮೆಷಿನ್ನಿನ ಪಕ್ಕದಲ್ಲಿದ್ದ ಹನ್ನೆರಡು ಅಂಗಿಗಳ ರಾಶಿಯನ್ನು ಎದೆಗವಚಿಕೊಂಡು, ಕಾಲರಿಗೆ ಸಿಕ್ಕಿಸಿದ್ದ ಸೂಜಿಯನ್ನು ಕೈಗೆ ತೆಗೆದುಕೊಂಡು, ಸಾಹೇಬರ ಮಾತು ಇನ್ನೂ ನಡೆದಿರುವಾಗಲೇ, ಹಿಂದಿನ ಕೋಣೆಗೆ ನಡೆದುಹೋದರು.

“ಇದೇನ್ರೀ?” ಸಾಹೇಬರು ಬೆರಗಾಗಿ ಹೆಂಡತಿಯ ಕಡೆ ತಿರುಗಿದರು. “ನಾನು ಮಾತಾಡ್ತಾನೇ ಇದ್ದೀನಿ. ಏನಾಯ್ತು ಅವರಿಗೆ?”

ಆಕೆ ಬಿಸಿನೀರಿನ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದಳು. ಒಳಗಿನಿಂದ ದಾರ ಎಳೆಯುವ ಸದ್ದು, “ಅಮ್ಮಾ!” ಎಂದು ಬೆರಳಿಗೆ ಚುಚ್ಚಿಕೊಂಡ ಸದ್ದು ಒಂದರ ಹಿಂದೊಂದು ಕೇಳಿಬಂದವು.

“ಏನಿಲ್ಲ ಸಾಹೇಬ್ರೇ,” ಎಂದಳು. “ತಿಂಗಳ ಕೊನೆಗೆ ಬರತ್ತೆ ಅಂದಿದ್ರು. ನಮ್ಮ ಕಾಜಾ ಮೆಷಿನ್ ಬಂತು.”